ಭಾನುವಾರವೂ ಬಡಿಯುವುದು

ನಮ್ಮ ದ್ವೀಪದಲ್ಲಿ ಭಾನುವಾರ
ಯಾರೂ ಏನನ್ನೂ ಬಡಿಯುವಂತಿಲ್ಲ.
ಮೊಳೆ ಹೊಡೆಯುವಂತಿಲ್ಲ, ತೊಗಟೆ ಜಜ್ಜುವಂತಿಲ್ಲ,
ದೋಣಿಗಳೂ ಹಗ್ಗ ಕಟ್ಟಿಸಿಕೊಂಡು ಸುಮ್ಮನಿರಬೇಕು.
ವವಾಉ ಇಡೀ ದೇವರಿಗೆ ಬಿಟ್ಟ ದಿನ.

ನನ್ನೊಳಗಿನದು ಮಾತ್ರ ಬಡಿಯುತ್ತದೆ.
ಟಿಕ್. ಟಿಕ್.

ಆಕ್ಲೆಂಡಿನಿಂದ ಬಂದ ಮೊದಲ ಭಾನುವಾರ
ಪ್ರಾರ್ಥನೆಯ ನಡುವಿನ ಮೌನದಲ್ಲಿ
ಮುಂದಿನ ಬೆಂಚಿನ ಕಲೊಲೈನೆ
ಗಂಡನ ಕೈಗಡಿಯಾರ ನೋಡಿದಳು,
ಆಮೇಲೆ ಗೋಡೆಯ ಗಡಿಯಾರ;
ಅದು ನಿಂತು ಎರಡು ವರ್ಷ.
ನಾನು ಬೈಬಲನ್ನು ಎದೆಗೊತ್ತಿ ಹಿಡಿದೆ,
ಸಭೆಯಲ್ಲಿ ಅಳುವ ಕೂಸಿನ ಬಾಯಿ ಮುಚ್ಚುವ ಹಾಗೆ.

ಹೊರಗೆ ಬಂದು ಪಾದ್ರಿಯನ್ನು ಕೇಳಿದೆ:
ಇದು ಭಾನುವಾರವೂ ದುಡಿಯುತ್ತೆ, ತಪ್ಪೇ?
ಅವರು ಕೊಡೆ ಮಡಚುತ್ತಾ ಅಂದರು:
ಮೊದಲು ಅದು ನಿಲ್ಲಲಿ ಸುಲಿಯೆತಿ,
ಆಮೇಲೆ ಪಾಪದ ಲೆಕ್ಕ.

ತಪ್ಪು ನನ್ನದೇ ಅನ್ನಲಾರೆ. ಅಲ್ಲ ಅಂತಲೂ ಅನ್ನಲಾರೆ.
ಒಂಬತ್ತನೇ ವಯಸ್ಸಿಗೆ ಗಂಟಲು ಕೆಟ್ಟಿತು,
ಹಿಂದೆಯೇ ಮೊಣಕಾಲು ಊದಿತು,
ಎಡದ್ದು ಇಳಿದರೆ ಬಲದ್ದು.
ಬೆಳೆಯುವ ಹುಡುಗಿ, ಬಿಡಿ, ಅಂದರು.
ಕೊನೆಗೊಬ್ಬ ನರ್ಸು ನಾಲ್ಕು ವಾರಕ್ಕೊಮ್ಮೆ
ಸೂಜಿಯ ಡಬ್ಬಿ ಹಿಡಿದು ಬರತೊಡಗಿದಳು.
ಸುಣ್ಣದ ತಿಳಿಯಂಥ ಮದ್ದು,
ಚುಚ್ಚಿಸಿಕೊಂಡರೆ ಎರಡು ದಿನ ಕೂರಲಾಗದು.
ನಾನು ದೀವಿಹಲಸಿನ ಮರ ಹತ್ತುತ್ತಿದ್ದೆ.
ಅವಳು ಕೆಳಗೆ ನಿಂತು ಕೂಗಿ ಕೂಗಿ
ಡಬ್ಬಿ ಮುಚ್ಚಿಕೊಂಡು ಹೋಗುತ್ತಿದ್ದಳು.
ಪ್ರತಿ ಸಲವೂ ಗೆದ್ದೆ.

ಮೂರನೆಯ ಬಸಿರಿನಲ್ಲಿ ಗೊತ್ತಾಯಿತು, ಏನು ಗೆದ್ದೆನೆಂದು.
ಒಂದು ದಿಂಬು ಸಾಲದೆ ಎರಡು, ಎರಡು ಸಾಲದೆ
ಗೋಡೆಗೊರಗಿ ಕೂತೇ ಬೆಳಗು ಮಾಡಿದೆ.
ತೊಗಟೆಯ ಬಟ್ಟೆ ಬಡಿಯಲು
ಒಂದೇ ದಿಮ್ಮಿಗೆ ಆರು ಜನ ಕೂರುತ್ತೇವೆ,
ಆರು ಕೊಡತಿ, ಒಂದು ತಾಳ.
ನನ್ನ ಏಟು ಹಿಂದೆ ಬೀಳತೊಡಗಿತು.
ಕಣ್ಣೆತ್ತದೆಯೇ ಕಲೊಲೈನೆ ಕೇಳಿದಳು:
ಐದೇ ಕೇಳಿಸ್ತಿದೆ, ಆರನೆಯವಳು ಎಲ್ಲಿ?

ಡಾಕ್ಟರು ಅಂಗೈ ಮೇಲಿಟ್ಟು ತೋರಿಸಿದರು,
ನಾಣ್ಯದಷ್ಟಗಲದ ಬಾಗಿಲು ಎರಡು.
ಒಂದು ದನದ ಎದೆಪೊರೆಯದು,
ಸದ್ದಿಲ್ಲ, ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ.
ಇನ್ನೊಂದು ಕಪ್ಪನೆಯದು, ಸವೆಯದು,
ಆದರೆ ಬದುಕಿರುವ ತನಕ ಮಾತ್ರೆ,
ರಾತ್ರಿ ಸದ್ದು ಮಾಡುತ್ತೆ, ಕೆಲವರಿಗೆ ನಿದ್ದೆ ಬರಲ್ಲ.
ಸೆಕೋಪೆ ಅದುವರೆಗೂ ತುಟಿ ಬಿಚ್ಚಿರಲಿಲ್ಲ.
ಸದ್ದು ಮಾಡೋದೇ ಹಾಕಿ, ಅಂದ.
ಎಚ್ಚರವಾದಾಗ ಇವಳಿದ್ದಾಳೆ ಅಂತ
ತಡವಿ ನೋಡೋ ಕೆಲಸ ತಪ್ಪುತ್ತೆ.

ಎದೆಮೂಳೆಯನ್ನು ತಂತಿಯಲ್ಲಿ ಹೊಲಿದರು.
ಕೆಮ್ಮು ಬಂದರೆ ದಿಂಬನ್ನು ಅಪ್ಪಿ ಕೆಮ್ಮಬೇಕು,
ನಗು ಬಂದರೂ ಅಷ್ಟೇ.
ಸೀನು ಬಂದರೆ, ದೇವರೇ ಗತಿ.
ಮೂರು ತಿಂಗಳು ಕೊಡತಿ ಮುಟ್ಟುವಂತಿಲ್ಲ,
ಮಗುವನ್ನು ಎತ್ತುವಂತಿಲ್ಲ.
ಮಾತ್ರೆಗೂ ಕೆಸುವಿನ ಎಲೆಗೂ ಆಗಿಬರದು;
ಪೂರ್ತಿ ಬಿಡಬೇಡಿ, ಆದರೆ
ವಾರ ವಾರ ಒಂದೇ ಅಳತೆ ಇರಲಿ, ಅಂದಿದ್ದಾರೆ.
ಉಪ್ಪನ್ನೂ ಅಳೆದು ಹಾಕದ ಸೆಕೋಪೆ
ನೆಲದೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು
ನನ್ನ ಪಾಲಿನ ಎಲೆ ಎಣಿಸುತ್ತಾನೆ: ನಾಲ್ಕು.
ಕಾಯಿಹಾಲು ಎಷ್ಟಾದರೂ ಸುರಿಯುತ್ತಾನೆ,
ಎಲೆ ಮಾತ್ರ ನಾಲ್ಕು.

ಸೋಮವಾರ ದಿಮ್ಮಿಯ ಸದ್ದು ಶುರುವಾದರೆ
ನನ್ನ ಬೆರಳು ತೊಡೆಯ ಮೇಲೆ ಕುಣಿಯುತ್ತದೆ.
ಒಳಗಿನದು ಅದರ ಜೊತೆ ಸೇರುವುದಿಲ್ಲ.
ಅದರ ತಾಳ ಅದಕ್ಕೆ.
ಕೆಲವು ರಾತ್ರಿ ಸಿಟ್ಟು ಬರುತ್ತದೆ,
ಸ್ವಲ್ಪ ಹೊತ್ತು ಬಾಯಿ ಮುಚ್ಚು ಅನ್ನಬೇಕೆನಿಸುತ್ತದೆ.
ಮರುಕ್ಷಣ ಎದೆ ಧಸಕ್ಕೆನ್ನುತ್ತದೆ,
ಬೇಡ ಬೇಡ, ನಿನ್ನಿಷ್ಟ, ಮಾತಾಡು.

ಹೋದ ವಾರ ಓಫೆಯಿನ ಅನ್ನ ನುಂಗಲಾರದೆ
ತಟ್ಟೆ ದೂಡಿದಳು.
ಅವಳಿಗೂ ಈಗ ಒಂಬತ್ತು.
ಆಸ್ಪತ್ರೆಗೆ ನಡಿ ಅಂದದ್ದೇ ತಡ, ಕಾಣೆ.
ಹುಡುಕಬೇಕಾಗಿರಲಿಲ್ಲ, ಗೊತ್ತಿತ್ತು.
ಅದೇ ಮರ, ಈಗ ಎರಡಾಳೆತ್ತರ ಹೆಚ್ಚು.
ಹತ್ತುವಂತಿಲ್ಲ, ಕೂಗಿದರೆ ಹೊಲಿಗೆ ಜಗ್ಗುತ್ತದೆ.
ಸುಮ್ಮನೆ ಕೆಳಗೆ ನಿಂತೆ.
ಗಾಳಿ ನಿಂತಿತ್ತು. ಭಾನುವಾರ.

ತುಂಬಾ ಹೊತ್ತಾದ ಮೇಲೆ ಎಲೆಗಳೊಳಗಿಂದ
ಕಟ್ಟಿದ ಗಂಟಲಿನ ಸಣ್ಣ ದನಿ:
ಅಮ್ಮಾ, ನಿನ್ನ ಸದ್ದು ಇಲ್ಲೀತನಕ ಕೇಳಿಸುತ್ತೆ.

ಕೇಳಿಸಲಿ, ಅಂದೆ.
ಇಳಿ.